ಎತ್ತು ಬಿಡುವ ಹೊತ್ತು

ರಿಲ್ಯಾಕ್ಸ್ ಆಗೋದು ಹೇಗೆ ಅಂತ ನನ್ನಂಥವರಿಗೆ ಯಾರೂ ಕಲಿಸಿರುವುದಿಲ್ಲ. ನಮ್ಮೂರಲ್ಲಿ ಹಗಲು ಹೊತ್ತು ಸುಮ್ಮನೆ ಕೂತ ಗಂಡಸನ್ನು ಕಂಡರೆ "ಯಾಕಪ್ಪಾ, ಮೈಗೆ ಹುಷಾರಿಲ್ಲೇನು?" ಅಂತ ಕೇಳ್ತಾರೆ. ಅಂದರೆ ಸುಮ್ಮನೆ ಕೂರೋದಕ್ಕೆ ಜ್ವರವಾದರೂ ಬಂದಿರಬೇಕು. ಓದುವಾಗಲೂ ಅಷ್ಟೇ, ಪುಸ್ತಕ ಮುಚ್ಚಿಟ್ಟು ಐದು ನಿಮಿಷ ಆಕಾಶ ನೋಡಿದರೆ "ಓದಾದ್ರೆ ಎಮ್ಮೆಗೆ ನೀರು ಕುಡಿಸು ಹೋಗು" ಅನ್ನೋರು ಅಪ್ಪ. ಇಂಥ ಟ್ರೇನಿಂಗ್ ಆದವರಿಗೆ ಬೆಂಗಳೂರಿನ ಸಾಫ್ಟ್‌ವೇರ್ ಕೆಲಸ ಹೇಳಿ ಮಾಡಿಸಿದ ಹಾಗಿರುತ್ತೆ.

ನಮ್ಮ ವೀಕೆಂಡ್ ನಿಮಗೆ ಗೊತ್ತಿರೋದೇ. ಶನಿವಾರ ಬಟ್ಟೆ, ದಿನಸಿ, ಗಾಡಿ ಸರ್ವೀಸು, ಸಂಜೆ ಯಾರದೋ ಗೃಹಪ್ರವೇಶ ಇಲ್ಲಾ ನಾಮಕರಣ. ಭಾನುವಾರ ಬೆಳಗ್ಗೆ ತಡವಾಗಿ ಏಳಬೇಕು ಅಂತ ಅಂದುಕೊಂಡು ಆರಕ್ಕೇ ಎಚ್ಚರ. ಮಧ್ಯಾಹ್ನ ನಾಲ್ಕು ಗಂಟೆಗೆ ಹೊಟ್ಟೆಯಲ್ಲಿ ಸೋಮವಾರ ಶುರುವಾಗಿರುತ್ತೆ. 34ನೇ ವಯಸ್ಸಿಗೆ ನನಗೆ ಬಿಪಿ ಮಾತ್ರೆ ಬಂತು. ರಾತ್ರಿ ಮೂರಕ್ಕೆ ಎಚ್ಚರವಾಗಿ, ದಿಂಬಿನ ಕೆಳಗಿನ ಫೋನು ತೆಗೆದು ನೋಡೋದು ಎರಡು ವರ್ಷದ ಅಭ್ಯಾಸ. ಡಾಕ್ಟರು "ಸ್ವಲ್ಪ ರೆಸ್ಟ್ ತಗೊಳ್ಳಿ" ಅಂದರು. ಮಾತ್ರೆ ಹೆಸರು ಚೀಟಿಯಲ್ಲಿ ಬರೆದುಕೊಟ್ಟರು, ರೆಸ್ಟು ಎಲ್ಲಿ ಸಿಗುತ್ತೆ ಅಂತ ಬರೆದುಕೊಡಲಿಲ್ಲ.

ಅದು ಸಿಕ್ಕಿದ್ದು 2024ರ ಜುಲೈ ಕೊನೆಯಲ್ಲಿ, ಜರ್ಮನಿಯ ಫ್ರೈಬುರ್ಗ್ ಅನ್ನೋ ಊರಲ್ಲಿ, ನನ್ನ ಬಿಇ ರೂಮ್‌ಮೇಟ್ ಬಾಡಿಗೆಗಿದ್ದ ಒಂದು ಕೋಣೆಯಲ್ಲಿ. ಎರಡು ದಿನದ ಮಟ್ಟಿಗೆ.

ಗೆಳೆಯನ ಬಗ್ಗೆ ಸ್ವಲ್ಪ ಹೇಳಬೇಕು. ಹಾಸ್ಟೆಲ್‌ನಲ್ಲಿ ಇವನನ್ನು ಎಲ್ಲರೂ 'ಲಾಯರ್' ಅಂತಿದ್ವಿ. ಮೆಸ್ಸಿನ ಸಾರಿನಿಂದ ಹಿಡಿದು ಇಂಟರ್ನಲ್ಸ್ ಮಾರ್ಕಿನವರೆಗೆ ಎಲ್ಲದಕ್ಕೂ ವಾದ ಹೂಡೋನು. ಇಬ್ಬರೂ ಭದ್ರಾ ನಾಲೆಯ ಕೊನೆ ಭಾಗದ ಊರುಗಳವರು. ನಾಲೆಗೆ ನೀರು ಬಿಟ್ಟರೆ ಮೇಲಿನವರ ಗದ್ದೆ ತುಂಬಿ, ನಮ್ಮೂರಿಗೆ ಬರೋ ಹೊತ್ತಿಗೆ ಕಾಲು ತೊಳೆಯೋಷ್ಟು ಉಳಿದಿರುತ್ತೆ. 2012ರಲ್ಲಿ ಬಿಇ ಮುಗಿಸಿ ಇಬ್ಬರೂ ಬೆಂಗಳೂರಿಗೆ ಬಂದ್ವಿ. ಇವನು ಹತ್ತು ವರ್ಷ ಪ್ರೊಡಕ್ಷನ್ ಸಪೋರ್ಟ್‌ನಲ್ಲಿ ದುಡಿದ. ರಾತ್ರಿ ಎರಡಕ್ಕೆ ಫೋನು ಬಂದರೆ ಮದುವೆ ಮನೆಯಲ್ಲಿದ್ದರೂ ಲ್ಯಾಪ್‌ಟಾಪ್ ತೆಗೀಬೇಕು, ಅಂಥ ಕೆಲಸ. 2022ರಲ್ಲಿ ಒಂದು ದಿನ ಇದ್ದಕ್ಕಿದ್ದಂತೆ "ಮಾಸ್ಟರ್ಸ್ ಮಾಡೋಕೆ ಹೊರಟೆ ಕಣಲೇ" ಅಂದ. 32 ವರ್ಷದವನು!

ಜರ್ಮನಿಯಲ್ಲಿ ಓದು ಪುಕ್ಕಟೆ ಅಂತ ನಾವೆಲ್ಲ ಅಂದುಕೊಂಡಿರ್ತೀವಿ. ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಬಹುತೇಕ ಹೌದು. ಆದರೆ ಫ್ರೈಬುರ್ಗ್ ಇರುವ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪಿಯನ್ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಗೆ ಸೆಮಿಸ್ಟರಿಗೆ 1,500 ಯೂರೋ ಶುಲ್ಕ ಹಾಕಿದೆ. ಅದಕ್ಕೂ ಮೊದಲು, ವೀಸಾ ಬೇಕಾದರೆ ಒಂದು ವರ್ಷದ ಖರ್ಚಿನ ದುಡ್ಡು ನಮ್ಮ ಹತ್ತಿರ ಇದೆ ಅಂತ ತೋರಿಸಬೇಕು. ಸಾಮಾನ್ಯವಾಗಿ ಅದನ್ನು ಬ್ಲಾಕ್ಡ್ ಅಕೌಂಟ್‌ನಲ್ಲಿ ಇಡ್ತಾರೆ, ತಿಂಗಳಿಗೆ ಇಂತಿಷ್ಟು ಅಂತ ಮಾತ್ರ ತೆಗೀಬಹುದು. ಇವನು ಹೋದಾಗ ಅದು 10,332 ಯೂರೋ. ನಮ್ಮ ಲೆಕ್ಕದಲ್ಲಿ ಎಂಟು ಲಕ್ಷದ ಮೇಲೆ. ಅವನ ಅಪ್ಪನ ಒಂದು ಎಕರೆ ಗದ್ದೆಯ ಪತ್ರ ಬ್ಯಾಂಕಿಗೆ ಹೋಯಿತು.

ನಾನು ಮೂರು ತಿಂಗಳ ಆನ್‌ಸೈಟ್ ಅಂತ ಸ್ಟುಟ್‌ಗಾರ್ಟ್‌ಗೆ ಹೋದಾಗ ಅವನು ಥೀಸಿಸ್ ಬರೀತಿದ್ದ. "ಶುಕ್ರವಾರ ಸಂಜೆ ಬಾ, ಲ್ಯಾಪ್‌ಟಾಪ್ ತರಬೇಡ" ಅಂದ. ಆ ವರ್ಷ 49 ಯೂರೋದ ತಿಂಗಳ ಟಿಕೆಟ್ ಇತ್ತು. ಅದೊಂದಿದ್ದರೆ ದೇಶವಿಡೀ ಪ್ಯಾಸೆಂಜರ್ ರೈಲು, ಸಿಟಿ ಬಸ್ಸು, ಟ್ರಾಮು ಯಾವುದಾದರೂ ಹತ್ತಬಹುದು, ಎಕ್ಸ್‌ಪ್ರೆಸ್ ಗಾಡಿ ಮಾತ್ರ ಆಗಲ್ಲ. ಕಾರ್ಲ್ಸ್‌ರೂಹೆಯಲ್ಲಿ ಬ್ಯಾಗು ಹೊತ್ತು ಓಡಿ ಗಾಡಿ ಬದಲಾಯಿಸಿದೆ. ಆ ಊರಿನ ಹೆಸರಿನ ಅರ್ಥ 'ಕಾರ್ಲನ ವಿಶ್ರಾಂತಿ' ಅಂತ ಆಮೇಲೆ ಲಾಯರ್ ಹೇಳಿದ. ವಿಶ್ರಾಂತಿ ಅಂತ ಹೆಸರಿಟ್ಟ ಊರಲ್ಲೂ ನಾನು ಓಡಿದವನೇ.

ಶುಕ್ರವಾರ ಆಫೀಸಿಂದ ಹೊರಡುವಾಗ ಅಲ್ಲಿನ ಸಹೋದ್ಯೋಗಿಯೊಬ್ಬರು 'ಫಯರ್‌ಆಬೆಂಟ್' ಅಂದು ಕೈಬೀಸಿ ಹೋಗಿದ್ದರು. ಹಂಗಂದ್ರೇನು ಅಂತ ಲಾಯರನ್ನು ಕೇಳಿದೆ. "ಬಿಡಿ ಬಿಡಿಯಾಗಿ ನೋಡಿದ್ರೆ ಹಬ್ಬದ ಸಂಜೆ ಅಂತ. ಈಗ ದಿನದ ಕೆಲಸ ಮುಗೀತು ಅನ್ನೋದಕ್ಕೆ ಹೇಳ್ತಾರೆ. ನಮ್ಮ ಕಡೆ ಎತ್ತು ಬಿಡೋ ಹೊತ್ತು ಅಂತೀವಲ್ಲ, ಅದೇ ಅಂದ್ಕೋ" ಅಂದ.

ಆ ಮಾತು ಕೇಳಿ ಎಷ್ಟು ವರ್ಷ ಆಗಿತ್ತು! ಎತ್ತು ಬಿಡೋ ಹೊತ್ತು. ನೊಗ ಇಳಿಸಿ, ಹಗ್ಗ ಸುತ್ತಿ, ಎತ್ತಿನ ಮೈ ತಟ್ಟಿ ನೀರಿಗೆ ಬಿಡೋ ಹೊತ್ತು. ಅದು ಎಷ್ಟು ಗಂಟೆಗೆ ಅಂತ ಯಾರೂ ಗಡಿಯಾರ ನೋಡ್ತಿರಲಿಲ್ಲ. ಒಬ್ಬರು ಬಿಟ್ಟರೆ ಪಕ್ಕದ ಹೊಲದವರೂ ಬಿಡೋರು.

ಶನಿವಾರ ಬೆಳಗ್ಗೆ ಮ್ಯೂನ್‌ಸ್ಟರ್ ಅನ್ನೋ ಹಳೇ ಚರ್ಚಿನ ಸುತ್ತ ನಡೆಯುವ ಸಂತೆಗೆ ಹೋದ್ವಿ. ಭಾನುವಾರ ಬಿಟ್ಟು ಎಲ್ಲಾ ದಿನ ಅಲ್ಲಿ ಸಂತೆ. ಚರ್ಚಿನ ಗೋಪುರ 116 ಮೀಟರ್ ಎತ್ತರ. 1944ರ ನವೆಂಬರ್‌ನಲ್ಲಿ ಬಾಂಬು ಬಿದ್ದು ಸುತ್ತಲಿನ ಹಳೇ ಊರು ನೆಲಸಮವಾದಾಗಲೂ ಇದು ನಿಂತೇ ಇತ್ತಂತೆ. ಆದರೆ ನನ್ನ ಕಣ್ಣು ಗೋಪುರಕ್ಕಿಂತ ನೆಲದ ಮೇಲೇ ಇತ್ತು. ಆ ಊರಿನ ಬೀದಿಬೀದಿಯಲ್ಲಿ ಒಂದು ಮೊಳ ಅಗಲದ ಕಾಲುವೆ. ಬೆಖ್ಲೆ ಅಂತಾರೆ. ಡ್ರೈಝಾಮ್ ನದಿಯ ನೀರು ಅಂಗಡಿಗಳ ಮುಂದೆ, ಟ್ರಾಮ್ ಹಳಿಯ ಪಕ್ಕ ಜುಳುಜುಳು ಅಂತ ಹರೀತಿರುತ್ತೆ. ನೂರಾರು ವರ್ಷದ ಹಿಂದೆ ದನಕರುಗಳಿಗೆ ಕುಡಿಸೋಕೆ, ಬೆಂಕಿ ಬಿದ್ದರೆ ಆರಿಸೋಕೆ ಅಂತ ಮಾಡಿದ್ದು. ಈಗ ಮಕ್ಕಳು ದಾರ ಕಟ್ಟಿದ ಮರದ ದೋಣಿ ಎಳ್ಕೊಂಡು ಓಡಾಡ್ತಾರೆ. ತಿಳಿಯದೆ ಕಾಲಿಟ್ಟರೆ ಅದೇ ಊರಿನವರನ್ನು ಮದುವೆಯಾಗ್ತೀರಿ ಅಂತ ಒಂದು ನಂಬಿಕೆ.

"ಎರಡು ವರ್ಷದಲ್ಲಿ ಹತ್ತು ಸಲ ಕಾಲಿಟ್ಟೆ, ಏನೂ ಆಗಲಿಲ್ಲ" ಅಂದ ಲಾಯರ್. ಆಮೇಲೆ ಸ್ವಲ್ಪ ಹೊತ್ತು ನೀರನ್ನೇ ನೋಡಿ, "ನೋಡಲೇ, ಜಗಳ ಇಲ್ಲ, ಸರದಿ ಇಲ್ಲ, ತೂಬು ಒಡೆಯೋರಿಲ್ಲ. ನಮ್ಮಪ್ಪನಿಗೆ ವಿಡಿಯೋ ಕಳಿಸಿದ್ದೆ. ಇಷ್ಟು ನೀರು ರೋಡಲ್ಲಿ ಸುಮ್ನೆ ಹರಿಸ್ತಾರಾ ಅಂತ ಬೈದ್ರು" ಅಂದ.

ಸಂತೆಯಲ್ಲಿ ಟೊಮೆಟೊ, ಕೊತ್ತಂಬರಿ, ಆಮೇಲೆ ತುರ್ಕಿಯವರ ಅಂಗಡಿಯಲ್ಲಿ ಮಸೂರ ಬೇಳೆ ತಗೊಂಡ್ವಿ. "ಏನೇನು ಬೇಕೋ ಇವತ್ತೇ ತಗೋ, ನಾಳೆ ಒಂದು ಬೆಂಕಿಪೊಟ್ಟಣವೂ ಸಿಗಲ್ಲ" ಅಂತ ಎಚ್ಚರಿಸಿದ. ಅಮ್ಮ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ನನ್ನ ಬ್ಯಾಗಲ್ಲಿತ್ತು. ಮಧ್ಯಾಹ್ನ ಅನ್ನ, ಬೇಳೆ ಸಾರು, ರೊಟ್ಟಿ. ಉಂಡು ಅವನ ಕೋಣೆಯ ನೆಲದ ಮೇಲೆ ಚಾಪೆ ಹಾಕಿ ಮಲಗಿದವನಿಗೆ ಎಚ್ಚರವಾದಾಗ ಬೆಳಗೋ ಸಂಜೆಯೋ ತಿಳೀಲಿಲ್ಲ. ಚಿಕ್ಕವನಿದ್ದಾಗ ಪಡಸಾಲೆಯಲ್ಲಿ ಮಲಗಿ ಎದ್ದಾಗ ಹಂಗಾಗ್ತಿತ್ತು, ಶಾಲೆಗೆ ಲೇಟಾಯ್ತು ಅಂತ ಹಲ್ಲುಜ್ಜೋಕೆ ಓಡಿ ನಗೆಪಾಟಲಾಗ್ತಿದ್ದೆ. ಗಂಟೆ ಆರೂವರೆ ಆಗಿತ್ತು. ಹೊರಗೆ ಇನ್ನೂ ಬಿಸಿಲು. ಅಲ್ಲಿ ಬೇಸಿಗೆಯಲ್ಲಿ ಒಂಬತ್ತರವರೆಗೂ ಬೆಳಕಿರುತ್ತೆ.

ಭಾನುವಾರ ಬೆಳಗ್ಗೆ ಎದ್ದಾಗ ಮೊದಲು ಗಮನಕ್ಕೆ ಬಂದಿದ್ದು ಸದ್ದಿಲ್ಲದಿರೋದು. ಅಡುಗೆಮನೆಯ ಮೂಲೆಯಲ್ಲಿ ಖಾಲಿ ಗಾಜಿನ ಬಾಟಲಿಗಳ ಚೀಲ ಇತ್ತು. "ಕೆಳಗಿನ ಡಬ್ಬಿಗೆ ಹಾಕಿ ಬರ್ಲಾ?" ಅಂತ ಕೇಳಿದೆ. "ಇವತ್ತು ಭಾನುವಾರ ಕಣಪ್ಪಾ, ಗಾಜು ಹಾಕಿದ್ರೆ ಸದ್ದಾಗುತ್ತೆ, ಹಾಕೋ ಹಂಗಿಲ್ಲ" ಅಂದ. ಹುಲ್ಲು ಕತ್ತರಿಸೋ ಮಷೀನು ಓಡಿಸೋ ಹಂಗಿಲ್ಲ, ಗೋಡೆಗೆ ಡ್ರಿಲ್ ಹೊಡಿಯೋ ಹಂಗಿಲ್ಲ. ಸೂಪರ್ ಮಾರ್ಕೆಟ್ಟು, ಬಟ್ಟೆ ಅಂಗಡಿ, ಮಾಲು ಎಲ್ಲಾ ಬಂದ್. ಬೇಕರಿಗಳು ಬೆಳಗ್ಗೆ ಒಂದಿಷ್ಟು ಹೊತ್ತು ತೆಗೀತಾವೆ, ಅಷ್ಟೇ.

"ಇದೇನು ಬರೀ ಪದ್ಧತಿ ಅಲ್ಲಲೇ" ಅಂತ ಲಾಯರ್ ವಾದ ಶುರು ಮಾಡಿದ. 1919ರ ವೈಮಾರ್ ಸಂವಿಧಾನದಲ್ಲೇ ಭಾನುವಾರ ಕೆಲಸದಿಂದ ಬಿಡುವಿನ ದಿನ, ಕಾನೂನಿನ ರಕ್ಷಣೆ ಇರೋ ದಿನ ಅಂತ ಬರೆದಿದ್ದರು. 1949ರಲ್ಲಿ ಹೊಸ ಸಂವಿಧಾನ ಬಂದಾಗ ಆ ವಿಧಿಯನ್ನು ಹಾಗೇ ಉಳಿಸಿಕೊಂಡರು. ಬರ್ಲಿನ್‌ನವರು ಕ್ರಿಸ್‌ಮಸ್ ಹಿಂದಿನ ನಾಲ್ಕೂ ಭಾನುವಾರ ಅಂಗಡಿ ತೆರೆಯೋಕೆ ಕಾನೂನು ಮಾಡಿದ್ದಕ್ಕೆ ಚರ್ಚುಗಳು ಕೋರ್ಟಿಗೆ ಹೋದವು. 2009ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಆ ಕಾನೂನು ಸರಿಯಿಲ್ಲ ಅಂದಿತು. ಇದಲ್ಲದೆ ಕೆಲಸದ ಅವಧಿಯ ಕಾನೂನಿನ ಪ್ರಕಾರ ಒಂದು ದಿನದ ಕೆಲಸ ಮುಗಿದು ಮಾರನೇ ದಿನದ ಕೆಲಸ ಶುರುವಾಗೋ ನಡುವೆ ಸಾಮಾನ್ಯವಾಗಿ 11 ಗಂಟೆ ಬಿಡುವು ಇರಲೇಬೇಕು.

ಹತ್ತೂವರೆಗೆ ಡ್ರೈಝಾಮ್ ದಂಡೆಗೆ ಹೋದ್ವಿ. ದೊಡ್ಡ ನದಿಯೇನಲ್ಲ, ಮಂಡಿ ಆಳದ ನೀರು, ಉರುಟು ಕಲ್ಲು, ಎರಡೂ ಕಡೆ ಹುಲ್ಲು. ಊರಿಗೆ ಊರೇ ಅಲ್ಲಿತ್ತು ಅನ್ನಬೇಕು. ಯಾರೂ ಏನೂ ಮಾಡ್ತಿರಲಿಲ್ಲ. ಒಬ್ಬ ಅಜ್ಜ ಮಡಚುವ ಕುರ್ಚಿ ಹಾಕ್ಕೊಂಡು ನೀರಲ್ಲಿ ಕಾಲಿಟ್ಟು ಕೂತಿದ್ದ. ಪುಸ್ತಕ ಇಲ್ಲ, ಫೋನ್ ಇಲ್ಲ. ನಾವೂ ಕಲ್ಲಿನ ಮೇಲೆ ಕೂತು ಕಾಲು ಇಳಿಬಿಟ್ಟೆವು. ನೀರು ಐಸಿನಂತಿತ್ತು.

ಹನ್ನೊಂದಕ್ಕೆ ನನ್ನ ಫೋನು ನಡುಗಿತು. ಬೆಂಗಳೂರಲ್ಲಿ ಮಧ್ಯಾಹ್ನ ಎರಡೂವರೆ. "ಫ್ರೀ ಇದೀಯಾ? ಐದು ನಿಮಿಷ" ಅಂತ ಆಫೀಸಿನ ಮೆಸೇಜು. ಎದೆ ಡವಡವ ಅಂತು. ನೋಡಿ, ಅಷ್ಟು ದೂರ, ಅಷ್ಟು ತಣ್ಣನೆ ನೀರಲ್ಲಿ ಕಾಲಿಟ್ಟು ಕೂತಾಗಲೂ ನಾಲ್ಕು ಪದಕ್ಕೆ ಮೈ ಬಿಗಿಯುತ್ತೆ. ಲಾಯರ್ ನನ್ನನ್ನೇ ನೋಡ್ತಿದ್ದ, ಏನೂ ಹೇಳಲಿಲ್ಲ. ಆ ವಾರ ಆನ್-ಕಾಲ್ ಡ್ಯೂಟಿ ನನ್ನದಲ್ಲ, ಏನೂ ಬಿದ್ದಿಲ್ಲ ಅಂತ ಗೊತ್ತಿತ್ತು. ಫೋನನ್ನು ಬ್ಯಾಗಿನ ತಳಕ್ಕೆ ಹಾಕಿದೆ. ಸೋಮವಾರ ಎಂಟಕ್ಕೆ ಕೇಳಿದಾಗ, ಪ್ರೆಸೆಂಟೇಶನ್ನಿನ ಹಳೇ ಫೈಲು ಎಲ್ಲಿದೆ ಅಂತ ಕೇಳೋಕಂತೆ.

"ಅಲ್ಲಿ ಐಟಿಯವರಿಗೆ ದಿನಕ್ಕೆ 14 ಗಂಟೆ ಅಂತೆ?" ಅಂದ ಲಾಯರ್. ಕರ್ನಾಟಕದಲ್ಲಿ ಕೆಲಸದ ಅವಧಿಯನ್ನು ಅಷ್ಟಕ್ಕೆ ಏರಿಸಲು ಅವಕಾಶ ಕೊಡಬೇಕು ಅನ್ನೋ ಪ್ರಸ್ತಾಪ ಆ ತಿಂಗಳೇ ಸುದ್ದಿಯಲ್ಲಿತ್ತು, ನೌಕರರ ಸಂಘ ವಿರೋಧಿಸ್ತಿತ್ತು. ಅದರ ಹಿಂದಿನ ವರ್ಷವಷ್ಟೇ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡೀಬೇಕು ಅಂದಿದ್ದರು. "ನಮ್ಮೂರಲ್ಲಿ ಎತ್ತಿಗೂ ಸೋಮವಾರ ರಜೆ ಇತ್ತಲ್ಲೋ" ಅಂದೆ ನಾನು.

ನಿಜಕ್ಕೂ ಇತ್ತು. ನಮ್ಮ ಕಡೆ ಸೋಮವಾರ ಬಸವಣ್ಣನ ವಾರ, ಎತ್ತಿನ ಹೆಗಲಿಗೆ ನೊಗ ಇಡೋ ಹಂಗಿಲ್ಲ. ಹದ ಮಳೆ ಬಿದ್ದು ಬಿತ್ತನೆ ಹೊತ್ತು ತಪ್ಪುತ್ತೆ ಅನ್ನೋ ಪರಿಸ್ಥಿತಿಯಲ್ಲೂ ಅಪ್ಪ ಸೋಮವಾರ ಎತ್ತು ಹೂಡಿದ್ದು ನಾನು ನೋಡಿಲ್ಲ. ಇಡೀ ಊರೇ ಹೂಡ್ತಿರಲಿಲ್ಲವಾದ್ದರಿಂದ ಪಕ್ಕದವನು ಮುಂದೆ ಹೋದ ಅನ್ನೋ ಸಂಕಟ ಇರಲಿಲ್ಲ. ಗುಟ್ಟು ಅಲ್ಲೇ ಇದೆ ಅಂತ ಆ ಕಲ್ಲಿನ ಮೇಲೆ ಕೂತಾಗ ಅನ್ನಿಸಿತು. ಬಿಡುವು ಅನ್ನೋದು ಒಬ್ಬನೇ 'ತಗೊಳ್ಳೋ' ವಸ್ತು ಅಲ್ಲ. ಬೇರೆಯವರೆಲ್ಲ ಓಡ್ತಿರುವಾಗ ನಾನೊಬ್ಬ ನಿಂತರೆ ಅದು ರೆಸ್ಟ್ ಆಗಲ್ಲ, ಭಯ ಆಗುತ್ತೆ. ಎಲ್ಲರೂ ಒಟ್ಟಿಗೆ ನಿಲ್ಲೋಣ ಅಂತ ಒಪ್ಪಿಕೊಂಡರೆ ಮಾತ್ರ ಮೈ ಸಡಿಲ ಆಗುತ್ತೆ. ಜರ್ಮನಿಯವರು ಆ ಒಪ್ಪಂದವನ್ನು ಸಂವಿಧಾನದಲ್ಲಿ ಬರೆದಿಟ್ಟರು, ನಮ್ಮವರು ಬಸವಣ್ಣನ ಹೆಸರಲ್ಲಿ ಇಟ್ಟರು. ನಾನು ಹೈಸ್ಕೂಲಲ್ಲಿದ್ದಾಗ ಊರಿಗೆ ಟ್ರ್ಯಾಕ್ಟರ್ ಬಂತು. ಟ್ರ್ಯಾಕ್ಟರಿಗೆ ಸೋಮವಾರ ಇಲ್ಲ. ಬಾಡಿಗೆ ಗಾಡಿ ಸಿಕ್ಕ ದಿನವೇ ಉಳಬೇಕು. ಲ್ಯಾಪ್‌ಟಾಪ್ ಬಂದಾಗ ನನಗೆ ಆಗಿದ್ದೂ ಅದೇ.

ಇಷ್ಟು ಹೇಳಿ ನಾನು ಖುಷಿಯಲ್ಲಿದ್ದೆ. ಲಾಯರ್ ಬಿಡಬೇಕಲ್ಲ! "ಎತ್ತಿಗೆ ಸೋಮವಾರ ಇತ್ತು, ಸರಿ. ನಿಮ್ಮಮ್ಮನಿಗೆ ಯಾವ ವಾರ ಇತ್ತು?" ಅಂದ.

ನನಗೆ ಉತ್ತರ ಹೊಳೀಲಿಲ್ಲ. ಸೋಮವಾರ ಅಪ್ಪ ಮನೆಯಲ್ಲಿರೋರು, ಮಾತಾಡಿಸೋಕೆ ನಾಲ್ಕು ಜನ ಬರೋರು, ಅಮ್ಮನಿಗೆ ಎರಡು ಸಲ ಹೆಚ್ಚು ಚಹಾ. ರೊಟ್ಟಿ ಬಡಿಯೋ ಸದ್ದು ನಿಂತ ಒಂದೇ ಒಂದು ದಿನ ನನ್ನ ನೆನಪಲ್ಲಿಲ್ಲ.

"ಇಲ್ಲೂ ಹಂಗೇ" ಅಂದ ಅವನು. "ಮೊದಲ ಒಂದೂವರೆ ವರ್ಷ ನಾನು ಒಂದು ಭಾನುವಾರವನ್ನೂ ನೋಡಿಲ್ಲ. ಬೆಳಗ್ಗೆ ಆರಕ್ಕೆ ಹೋಟೆಲಿನ ಅಡುಗೆಮನೆ, ತಿಂಡಿಗೆ ಬಂದವರ ತಟ್ಟೆ ತೊಳೆಯೋ ಕೆಲಸ, ಗಂಟೆಗೆ 12 ಯೂರೋ ಚಿಲ್ರೆ. ಹೋಟೆಲು, ಆಸ್ಪತ್ರೆ, ಟ್ರಾಮು ಇವಕ್ಕೆಲ್ಲ ಕಾನೂನಲ್ಲಿ ವಿನಾಯ್ತಿ ಇದೆ. ಅಲ್ಲಿ ನನ್ನ ಜೊತೆ ಇದ್ದೋರು ಯಾರು ಅಂತೀಯಾ? ಸಿರಿಯಾದವನೊಬ್ಬ, ನೇಪಾಳದ ಹುಡುಗಿ, ಎರಿಟ್ರಿಯಾದವಳೊಬ್ಬಳು. ಊರು ಮಲಗಿರುವಾಗ ನಾವು ಸೈಕಲ್ ತುಳ್ಕೊಂಡು ಹೋಗ್ತಿದ್ವಿ."

ನನ್ನ ಸುಂದರ ಸಿದ್ಧಾಂತಕ್ಕೆ ತೂತು ಬಿತ್ತು. ಆದರೆ ಅವನು ಸಿಟ್ಟಲ್ಲಿ ಹೇಳಿದ್ದಲ್ಲ. "ಆದ್ರೂ ಒಂದು ಮಾತು. ಆ ಕೆಲಸ ಹನ್ನೊಂದಕ್ಕೆ ಮುಗೀತು ಅಂದ್ರೆ ಮುಗೀತು. ರಾತ್ರಿ ಎರಡಕ್ಕೆ ತಟ್ಟೆ ಬಗ್ಗೆ ಯಾರೂ ಫೋನ್ ಮಾಡಲ್ಲ. ಹತ್ತು ವರ್ಷ ಆದ್ಮೇಲೆ ಮೊದಲನೇ ಸಲ ನಿದ್ದೆ ಬಂದಿದ್ದು ಇಲ್ಲೇ ಕಣೋ."

ಆಮೇಲೆ ನಿಜವಾದ ವಿಷಯಕ್ಕೆ ಬಂದ. ಸೆಪ್ಟೆಂಬರಿನಲ್ಲಿ ಥೀಸಿಸ್ ಕೊಡಬೇಕು. ಓದು ಮುಗಿದ ಮೇಲೆ ಕೆಲಸ ಹುಡುಕೋಕೆ 18 ತಿಂಗಳು ಇರಲು ಬಿಡ್ತಾರೆ. ಜರ್ಮನ್ ಭಾಷೆ ಇನ್ನೂ ಗಟ್ಟಿಯಾಗಬೇಕು, ಅರ್ಜಿ ಹಾಕ್ತಿದ್ದಾನೆ, ಉತ್ತರ ಬರ್ತಿಲ್ಲ. ಗದ್ದೆ ಪತ್ರ ಬ್ಯಾಂಕಲ್ಲಿದೆ. ಅಪ್ಪನಿಗೆ ಮಂಡಿ ನೋವು, ಪ್ರತಿ ವಾರ ಒಂದೇ ಪ್ರಶ್ನೆ, "ಯಾವಾಗ ಬರ್ತೀಯಪ್ಪಾ?"

"ಅಲ್ಲಿಗೆ ಹೋದ್ರೆ ನಿದ್ದೆ ಹೋಗುತ್ತೆ. ಇಲ್ಲೇ ಇದ್ರೆ ಅಪ್ಪ ಅಮ್ಮ ಹೋಗ್ತಾರೆ" ಅಂದ. ನೀರಿನ ಸದ್ದಿಗೆ ಎಲ್ಲಿ ಕೇಳಿಸಿಲ್ವೋ ಅನ್ನೋ ಹಂಗೆ ಇನ್ನೊಂದು ಸಲ ಅಂದ.

ಹಾಸ್ಟೆಲ್ ದಿನಗಳಲ್ಲಾಗಿದ್ದರೆ ಏನಾದರೂ ಸಲಹೆ ಕೊಟ್ಟಿರುತ್ತಿದ್ದೆ. ಆವತ್ತು ಕೊಡಲಿಲ್ಲ. ಕೊಡೋಕೆ ನನ್ನ ಹತ್ತಿರ ಇರಲೂ ಇಲ್ಲ. ಇಬ್ಬರೂ ಮತ್ತೆ ಒಂದು ಗಂಟೆ ಹಂಗೇ ಕೂತಿದ್ವಿ. ಬೆಂಗಳೂರಲ್ಲಿದ್ದ ಹತ್ತು ವರ್ಷದಲ್ಲಿ ನಾವು ಭೇಟಿಯಾಗಿದ್ದು ಮದುವೆ ಊಟದ ಪಂಕ್ತಿಯಲ್ಲಿ, ಇಲ್ಲಾ ಸಿಗ್ನಲ್‌ನಲ್ಲಿ ಸಿಕ್ಕಿಹಾಕಿಕೊಂಡು ಫೋನಲ್ಲಿ. ಒಬ್ಬ ಗೆಳೆಯ ತನ್ನ ಮನಸ್ಸಿನ ತಳದ ಮಾತು ಹೇಳಬೇಕಾದರೆ ಮುಂದೆ ಮೂರು ಗಂಟೆ ಏನೂ ಕೆಲಸ ಇರಬಾರದು ಅನ್ನೋದು ಗೊತ್ತಾಗಿದ್ದೇ ಆವತ್ತು.

ವಾಪಸ್ ಬಂದ ಮೇಲೆ ಒಂದು ವಿಷಯ ಹುಡುಕಿ ಓದಿದೆ. ನಮ್ಮ ದೇಶದ ಭಾನುವಾರದ ರಜೆಯೂ ಪುಕ್ಕಟೆ ಬಂದಿದ್ದಲ್ಲ. ಜ್ಯೋತಿಬಾ ಫುಲೆಯವರ ಜೊತೆಗಾರ ನಾರಾಯಣ ಮೇಘಾಜಿ ಲೋಖಂಡೆ ಅನ್ನುವವರು 1884ರಲ್ಲಿ ಬೊಂಬಾಯಿಯ ಗಿರಣಿ ಕಾರ್ಮಿಕರನ್ನು ಸೇರಿಸಿ ವಾರಕ್ಕೊಂದು ರಜೆ ಕೊಡಿ ಅಂತ ಬೇಡಿಕೆ ಇಟ್ಟರು. ಗಿರಣಿ ಮಾಲೀಕರು ಒಪ್ಪೋ ಹೊತ್ತಿಗೆ 1890 ಆಗಿತ್ತು. ಆರು ವರ್ಷ ಕೇಳಿ ಕೇಳಿ ಪಡೆದ ದಿನವನ್ನು ನಾವು "ಐದು ನಿಮಿಷ ಫ್ರೀನಾ?" ಅಂದವರಿಗೆ ಕೊಟ್ಟುಬಿಡ್ತಿದ್ದೀವಿ.

ನಾನೇನು ಕ್ರಾಂತಿ ಮಾಡಿಲ್ಲ. ನನ್ನ ಟೀಮಿನ ಏಳು ಜನ ಕೂತು ಒಂದು ಒಪ್ಪಂದ ಮಾಡಿಕೊಂಡಿದ್ದೀವಿ, ಭಾನುವಾರ ಆನ್-ಕಾಲ್ ಇದ್ದವರೊಬ್ಬರನ್ನು ಬಿಟ್ಟು ಬೇರೆಯವರಿಗೆ ಮೆಸೇಜ್ ಹಾಕೋ ಹಂಗಿಲ್ಲ. ಆ ಒಬ್ಬರಿಗೆ ವಾರದ ನಡುವೆ ಒಂದು ದಿನ ಬಿಡುವು. ಒಬ್ಬನೇ ಮಾಡಿದ್ದರೆ ಸೋಮಾರಿ ಅನ್ನಿಸಿಕೊಳ್ಳುತ್ತಿದ್ದೆ, ಏಳು ಜನ ಮಾಡಿದ್ದಕ್ಕೆ ಪ್ರೋಸೆಸ್ ಅಂತಾರೆ. ಮನೆಯಲ್ಲಿ ಹೆಂಡತಿಯೂ ಐಟಿಯವಳೇ. ಭಾನುವಾರ ಬೆಳಗಿನ ಅಡುಗೆ ನನ್ನದು. ನನಗೆ ಬರೋದು ಮಂಡಕ್ಕಿ ಒಗ್ಗರಣೆ ಒಂದೇ, ಅದೇ ಆಗುತ್ತೆ. ಬಿಪಿ ಮಾತ್ರೆ ಇನ್ನೂ ನಿಂತಿಲ್ಲ, ಆದರೆ ಫೋನು ಮಲಗೋದು ಈಗ ಹಾಲ್‌ನಲ್ಲಿ.

ಲಾಯರ್ ಥೀಸಿಸ್ ಕೊಟ್ಟು ಮುಗಿಸಿದ. ಸಣ್ಣದೊಂದು ಕಂಪನಿಯಲ್ಲಿ ಒಂದು ವರ್ಷದ ಕರಾರಿನ ಕೆಲಸ ಸಿಕ್ಕಿತು. ಬ್ಯಾಂಕಿನ ಕಂತು ತಾನೇ ಕಟ್ಟುತ್ತಾನೆ. ವರ್ಷ ಆದ ಮೇಲೆ ಏನು ಅಂತ ಅವನಿಗೂ ಗೊತ್ತಿಲ್ಲ. ಅವನು ಬರೋವರೆಗೂ ಎರಡು ತಿಂಗಳಿಗೊಮ್ಮೆ ಅವನ ಅಪ್ಪ ಅಮ್ಮನ ಮನೆಗೆ ನಾನು ಹೋಗಿ ಬರ್ತೀನಿ. ನಮ್ಮೂರಿಂದ ಒಂಬತ್ತೇ ಕಿಲೋಮೀಟರು.

ಹಂಗೆ ಹೋದಾಗ ನಮ್ಮ ಮನೆಯಲ್ಲೂ ಒಂದು ಬೆಳಗ್ಗೆ ಅಮ್ಮನಿಗೆ ಹೇಳಿದೆ, "ಇವತ್ತು ನೀನು ಕಟ್ಟೆ ಮೇಲೆ ಕೂತಿರು, ನಾನೂ ಅಪ್ಪನೂ ನೋಡ್ಕೋತೀವಿ." ಅಪ್ಪ ಒಂದು ಸಲ ನನ್ನ ಮುಖ ನೋಡಿ, ಮಾತಾಡದೆ ಈರುಳ್ಳಿ ಹೆಚ್ಚೋಕೆ ಕೂತರು. ಹತ್ತು ನಿಮಿಷದಲ್ಲಿ ಅಮ್ಮ ಎರಡು ಸಲ ಎದ್ದು ಬಂದು ಗ್ಯಾಸು ಸಣ್ಣ ಮಾಡಿ ಹೋದಳು. ಮೂರನೇ ಸಲ ಏಳಲಿಲ್ಲ. ಹಿಂದಿನ ಬೀದಿಯವರೊಬ್ಬರು "ಯಾಕವ್ವಾ, ಹುಷಾರಿಲ್ಲೇನು?" ಅಂತ ಕೇಳಿದರಂತೆ. "ಇಲ್ಲ ಕಣವ್ವಾ, ಸುಮ್ನೆ ಕೂತೀನಿ" ಅಂದಳಂತೆ. ಮಂಡಕ್ಕಿಗೆ ಉಪ್ಪು ಜಾಸ್ತಿ ಆಗಿತ್ತು ಅನ್ನೋದನ್ನು ಮಾತ್ರ ಸಂಜೆವರೆಗೂ ಹೇಳ್ತಾನೇ ಇದ್ದಳು.